ಒಮ್ಮೆ ಬಿಚ್ಚಿದ ಎಂಜಿನ್‌ಗೆ ಕಂಪೆನಿ ಫಿಟ್ಟಿಂಗ್ ಮತ್ತೆ ಬರ್ತದಾ?

ಕಾಸರಗೋಡಿನ ಸೀತಾಂಗೋಳಿ ಹತ್ತಿರದ ನನ್ನ ಶೆಡ್ಡಿಗೆ ಗಾಡಿ ತರುವವರು ಮೂರು ಭಾಷೆಯಲ್ಲಿ ಕೇಳುವುದು ಒಂದೇ ಪ್ರಶ್ನೆ. ತುಳುವಿನವರು "ಕಂಪೆನಿ ಫಿಟ್ಟಿಂಗ್ ಪಿರ ಬರ್ಪುಜಿ ಅತ್ತಾ?" ಅಂತಾರೆ. ಮಲಯಾಳದವರು "ಪಿನ್ನೆ ಕಂಪೆನಿ ಫಿಟ್ಟಿಂಗ್ ಕಿಟ್ಟೂಲ, ಅಲ್ಲೇ?" ಅಂತಾರೆ. ನಮ್ಮವರು "ಬಿಚ್ಚಿದ ಎಂಜಿನ್ ಬಿಚ್ಚಿದ್ದೇ, ಅಲ್ವಾ ಅಣ್ಣಾ?" ಎಂದು ಗಾಡಿಯನ್ನು ಆಸ್ಪತ್ರೆಗೆ ಸೇರಿಸಿದವರ ಹಾಗೆ ನಿಲ್ತಾರೆ. ಭಾಷೆ ಯಾವುದಾದರೂ ಕಾರ್ಖಾನೆಯ ಜೋಡಣೆಗೆ ಹೇಳುವ ಆ "ಕಂಪೆನಿ ಫಿಟ್ಟಿಂಗ್" ಮಾತ್ರ ಬದಲಾಗುವುದಿಲ್ಲ.

ಬರ್ತದೆ. ಅಳೆದು ಕೂರಿಸಿದರೆ ಅದಕ್ಕಿಂತ ಚೆನ್ನಾಗಿಯೂ ಬರ್ತದೆ. ಹಾಗೆಂದು ಕೇಳುವವರ ಹೆದರಿಕೆ ಸುಳ್ಳೇನಲ್ಲ.

ಮೊದಲು ಕಂಪೆನಿಯವರು ಎಂತ ಮಾಡ್ತಾರೆ ನೋಡಿ. ಮಾರುತಿ ಜಿಪ್ಸಿಯ 1.3 ಲೀಟರ್ ಎಂಜಿನ್ ತೆಗೆದುಕೊಳ್ಳಿ. ಬೋರ್, ಅಂದರೆ ಸಿಲಿಂಡರಿನ ಒಳಗಿನ ಅಗಲ 74 ಮಿ.ಮೀ., ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ 75.5, ಒಟ್ಟು 1298 ಸಿಸಿ. ಇದರ ಸ್ಟ್ಯಾಂಡರ್ಡ್ ಪಿಸ್ಟನ್ನೇ ಎರಡು ಅಳತೆಯಲ್ಲಿ ಬರ್ತದೆ. ತಲೆಯ ಮೇಲೆ 1 ಅಥವಾ 2 ಎಂಬ ಅಂಕಿ ಒತ್ತಿರ್ತದೆ, ಬ್ಲಾಕಿನ ಮೇಲೂ ಒಂದೊಂದು ಸಿಲಿಂಡರಿಗೆ ಅದೇ ರೀತಿ ಅಂಕಿ ಉಂಟು. ಅಂಕಿ ನೋಡಿ ಜೋಡಿ ಮಾಡಿದರೆ ಪಿಸ್ಟನ್ನಿಗೂ ಗೋಡೆಗೂ ನಡುವೆ 0.02ರಿಂದ 0.04 ಮಿ.ಮೀ. ಸಂದು ಉಳಿಯುತ್ತದೆ. ತಲೆಕೂದಲೂ ಹಿಡಿಸದಷ್ಟು. ಅಂದರೆ ಕಂಪೆನಿಯಲ್ಲೂ ಕೈಗೆ ಸಿಕ್ಕಿದ ಪಿಸ್ಟನ್ ಹಾಕಿ ಮುಚ್ಚುವುದಿಲ್ಲ, ಅಳೆದು ಆರಿಸಿ ಹಾಕ್ತಾರೆ. ಮೈಕ್ರೊಮೀಟರ್ ನನ್ನ ಮೇಜಿನ ಮೇಲೂ ಉಂಟು.

ಹಾಗಾದರೆ ಈ ಹೆದರಿಕೆ ಎಲ್ಲಿಂದ ಬಂತು? ಹಾಫ್ ಎಂಜಿನ್ ಕೆಲಸದಿಂದ. ಹೊಗೆ ಬಂತು, ಹೆಡ್ ತೆಗೆ, ಪಿಸ್ಟನ್ ಎಳೆ, ಬೋರಿಗೆ ಎಮರಿ ಕಾಗದ ಉಜ್ಜು, ಪಿಸ್ಟನ್ ಸುತ್ತ ಹೊಸ ರಿಂಗ್ ಹಾಕಿ ಮುಚ್ಚು. ಬೋರ್ ಸವೆಯುವುದು ದುಂಡಾಗಿ ಅಲ್ಲ. ಪಿಸ್ಟನ್ ಪಕ್ಕಕ್ಕೆ ಒತ್ತುವ ಕಡೆ ಹೆಚ್ಚು ಸವೆದು ಮೊಟ್ಟೆಯಾಕಾರ ಆಗ್ತದೆ, ಮೇಲ್ಗಡೆ ಅಗಲವಾಗಿ ಕೆಳಗೆ ಕಿರಿದಾಗಿ ಉಳಿಯುತ್ತದೆ. ರಿಂಗ್ ತಲುಪದ ತುದಿಯಲ್ಲಿ ಉಗುರಿಗೆ ತಾಗುವ ಅಂಚು ನಿಲ್ತದೆ. ಮೊಟ್ಟೆಯೊಳಗೆ ದುಂಡು ರಿಂಗ್ ಹಾಕಿದರೆ ಬೆಳಕು ಕಾಣುವಷ್ಟು ಸಂದು. ಹೊಸ ರಿಂಗ್ ಆ ಅಂಚಿಗೆ ಬಡಿದು ಮುರಿದದ್ದನ್ನೂ ನೋಡಿದ್ದೇನೆ. ಕ್ರ್ಯಾಂಕ್ ಎಂಬ ತಿರುಗುವ ದಂಡವನ್ನು ಹಿಡಿದಿಡುವ ಮೇನ್ ಬೇರಿಂಗ್ ಕ್ಯಾಪುಗಳನ್ನು ಬ್ಲಾಕಿಗೆ ಬಿಗಿದೇ ತೂತು ಕೊರೆದಿರ್ತಾರೆ, ಒಂದರ ಜಾಗಕ್ಕೆ ಇನ್ನೊಂದು ಹೋಗಬಾರದು. ಅದನ್ನು ಬಕೆಟಿನಲ್ಲಿ ಒಟ್ಟಿಗೆ ಸುರಿದು ತೊಳೆದರೆ ಮುಗಿಯಿತು. ಇಂಥ ಎಂಜಿನ್ ಆರು ತಿಂಗಳಲ್ಲಿ ಮತ್ತೆ ಹೊಗೆ ಬಿಟ್ಟಾಗ ಜನ ಬಿಚ್ಚಿದ್ದನ್ನು ದೂರುತ್ತಾರೆ, ಮುಚ್ಚಿದ ರೀತಿಯನ್ನು ಯಾರೂ ದೂರುವುದಿಲ್ಲ.

ಬಿಚ್ಚಲೇಬೇಕಾ ಎಂದು ಮೊದಲು ನೋಡುವುದು ಉತ್ತಮ. ಪೆರ್ಲ ಕಡೆಯ ಅಡಿಕೆ ತೋಟದ ಮಾವನೊಬ್ಬರು ಜಿಪ್ಸಿ ತಂದು "ನೋಡು ಮಾಣಿ, ಬಿಚ್ಚದೆ ರಿಪೇರಿ ಮಾಡ್ಲಿಕ್ಕೆ ಆಗ್ತದಾ?" ಎಂದರು. ಕೆಲವೊಮ್ಮೆ ಆಗ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಒಂದು ಮುದ್ದೆ ನೀಲಿ ಹೊಗೆ ಬಂದು ಮತ್ತೆ ನಿಂತರೆ ಹೆಚ್ಚಾಗಿ ವಾಲ್ವ್ ಸೀಲ್, ಕೆಳಗೆ ಕೈ ಹಾಕುವುದೇ ಬೇಡ. ಸಿಲಿಂಡರಿನೊಳಗಿನ ಒತ್ತಡ ತೋರಿಸುವ ಕಂಪ್ರೆಷನ್ ಗೇಜ್ ಹಾಕಿ, ಕಡಿಮೆ ತೋರಿಸಿದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ಮುಳ್ಳು ಏರಿದರೆ ರಿಂಗ್ ಅಥವಾ ಬೋರ್, ಏರದಿದ್ದರೆ ವಾಲ್ವ್. ಮಾವನದ್ದು ನಾಲ್ಕರಲ್ಲಿ ಮೂರು ಏರಿತು. ಅವರ ಮುಖ ಇಳಿಯಿತು.

ಒಂದು ಬೋರಿಗೆ ಆರು ಅಳತೆ, ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ. 0.50 ಓವರ್‌ಸೈಜಿಗೆ, ಅಂದರೆ ಅರ್ಧ ಮಿ.ಮೀ. ದೊಡ್ಡ ಪಿಸ್ಟನ್ನಿಗೆ ಹೋಗಬೇಕಾಯಿತು. ಪಿಸ್ಟನ್ ಮೊದಲು ತರಿಸಿ, ಅದರ ಅಳತೆಗೆ ಬೋರಿಂಗ್ ಆಮೇಲೆ. "74.5 ಮಾಡಿ ಇಡಿ, ಪಿಸ್ಟನ್ ಮತ್ತೆ ತರ್ತೇನೆ" ಎಂದು ಬ್ಲಾಕ್ ಮಾತ್ರ ಮಂಗಳೂರಿಗೆ ಕಳಿಸುವವರು ಈಗಲೂ ಇದ್ದಾರೆ. ನಾನು ನಾಲ್ಕೂ ಪಿಸ್ಟನ್ನಿಗೆ ಸ್ಕೆಚ್ ಪೆನ್ನಿನಲ್ಲಿ ಅಂಕಿ ಬರೆದು, ಅಳತೆ ಚೀಟಿ ಕಟ್ಟಿ, ಬ್ಲಾಕಿನ ಜೊತೆಗೇ ಲೇತಿನವರ ಕೈಗೆ ಕೊಡ್ತೇನೆ.

ಬೋರಿಂಗ್, ಆಮೇಲೆ ಕಲ್ಲಿನಲ್ಲಿ ಉಜ್ಜಿ ಗೋಡೆಗೆ ಸಣ್ಣ ಅಡ್ಡಗೆರೆ ಎಳೆಯುವ ಹೋನಿಂಗ್ ಮುಗಿದು ಬ್ಲಾಕ್ ವಾಪಸು ಬಂದ ರಾತ್ರಿಯ ಕೆಲಸವನ್ನು ನಾನು ಯಾರ ಕೈಗೂ ಕೊಡುವುದಿಲ್ಲ. ಹುಡುಗನಾಗಿದ್ದಾಗ ನಾನು ಮೊದಲು ಬಿಚ್ಚಿದ್ದು ನನ್ನದೇ ಯಮಹಾ ಆರ್‌ಎಕ್ಸ್ 100 ಬೈಕ್. ಬೋರ್ ಮಾಡಿಸಿ ತಂದು ಪೆಟ್ರೋಲಿನಲ್ಲಿ ಚೆನ್ನಾಗಿ ತೊಳೆದೆ, ಫಳಫಳ ಹೊಳೆಯಿತು, ಕೂರಿಸಿದೆ. ಸಾವಿರ ಕಿಲೋಮೀಟರ್ ಓಡುವಷ್ಟರಲ್ಲಿ ಕಿಕ್ಕರ್ ಕಾಲಿಗೆ ಹಗುರ ಆಯಿತು. ಹಗುರ ಆದದ್ದು ಕಂಪ್ರೆಷನ್. ಹೋನಿಂಗ್ ಕಲ್ಲಿನ ಪುಡಿ ಬೋರಿನ ಆ ಅಡ್ಡಗೆರೆಗಳೊಳಗೆ ಕೂತಿರ್ತದೆ, ಪೆಟ್ರೋಲಿಗೂ ಡೀಸೆಲಿಗೂ ಏಳುವುದಿಲ್ಲ, ರಿಂಗನ್ನು ದಿನಾ ಅರೆಯುತ್ತಾ ಇರ್ತದೆ. ಅದಕ್ಕೆ ಬೇಕಾದದ್ದು ಬಿಸಿನೀರು, ಬಟ್ಟೆ ಸೋಪು, ಬ್ರಶ್ಶು.

ನಮ್ಮಲ್ಲಿ ಇನ್ನೊಂದು ಕಷ್ಟ ಉಂಟು, ಮಳೆ. ಜೂನಿನ ರಾತ್ರಿ ತೊಳೆದ ಬೋರನ್ನು ಹಾಗೇ ಬಿಟ್ಟು ಚಾ ಕುಡಿದು ಬರುವಷ್ಟರಲ್ಲಿ ಕೆಂಪು ಹಿಡಿದಿರ್ತದೆ, ಬೂದಿ ಬಣ್ಣದ ಕಬ್ಬಿಣದ ಮೇಲೆ ಕುಂಕುಮ ಉದುರಿಸಿದ ಹಾಗೆ. ಆದ್ದರಿಂದ ತೊಳೆದು, ಗಾಳಿ ಹೊಡೆದು, ಆ ಕ್ಷಣವೇ ಎಣ್ಣೆ ಸವರಬೇಕು. ಆಮೇಲೆ ಬಿಳಿ ಬೈರಾಸಿನ ತುಂಡು ಒಳಗೆ ಹಾಕಿ ತಿರುಗಿಸಿ ತೆಗೆದರೆ ಬಟ್ಟೆ ಬೂದಿ ಬಣ್ಣ ಆಗಿರ್ತದೆ. ಮತ್ತೆ ಸೋಪು, ಮತ್ತೆ ಬಟ್ಟೆ. ಮಾವನ ಬ್ಲಾಕಿಗೆ ಐದು ಸಲ ಬೇಕಾಯಿತು. ಐದನೆಯ ತುಂಡು ಎಣ್ಣೆಯ ಬಣ್ಣದಲ್ಲೇ ಹೊರಬಂತು. ಶೆಡ್ಡಿನ ಹುಡುಗ ಅಷ್ಟರಲ್ಲಿ ಗೋಡೆಗೊರಗಿ ನಿದ್ದೆ ಮಾಡಿದ್ದ.

ರಿಂಗನ್ನು ಪೊಟ್ಟಣದಿಂದ ತೆಗೆದು ನೇರ ಪಿಸ್ಟನ್ನಿಗೆ ಏರಿಸಬಾರದು. ಬರೀ ರಿಂಗನ್ನು ಬೋರಿನೊಳಗಿಟ್ಟು, ಪಿಸ್ಟನ್ ತಲೆಕೆಳಗೆ ಮಾಡಿ ಮೆಲ್ಲ ತಳ್ಳಿದರೆ ನೇರ ಕೂರ್ತದೆ. ಆಗ ಅದರ ಎರಡು ತುದಿಗಳ ನಡುವೆ ಫೀಲರ್ ಗೇಜಿನ ತೆಳು ಹಾಳೆ ಹಾಕಿ ನೋಡುವುದು. ಬೋರಿನ ಪ್ರತಿ 25 ಮಿ.ಮೀ.ಗೆ 0.10ರಂತೆ ನನ್ನ ಲೆಕ್ಕ, ಈ ಎಂಜಿನ್‌ಗೆ 0.30ರ ಆಸುಪಾಸು. ಕಡಿಮೆ ಆದರೆ ಬಿಸಿಗೆ ಹಿಗ್ಗಿ ತುದಿಗೆ ತುದಿ ತಾಗಿ ಬೋರನ್ನೇ ಕೆರೆಯುತ್ತದೆ, ರೇಸಿಗೆ ಕಟ್ಟುವುದಾದರೆ ಅದಕ್ಕೇ ಇನ್ನೂ ಸ್ವಲ್ಪ ಹೆಚ್ಚು ಬಿಡುವುದು. 0.30ರ ಹಾಳೆ ಬೆಣ್ಣೆಗೆ ಚೂರಿ ಇಳಿದ ಹಾಗಲ್ಲ, ಹೊಸ ನೋಟು ಎಣಿಸುವಾಗ ಬೆರಳಿಗೆ ಸಿಗುವಷ್ಟು ಹಿಡಿತದಲ್ಲಿ ಹೋಗಬೇಕು.

ಇಷ್ಟು ಹೇಳಿದ ಮೇಲೆ ಎರಡನೆಯ ಪ್ರಶ್ನೆ ಬಂದೇ ಬರ್ತದೆ, ಅದನ್ನು ಕೇಳುವವರು ಹೆಚ್ಚಾಗಿ ಹುಡುಗರು. "ಅಣ್ಣಾ, ಹೇಗೂ ಬಿಚ್ಚಿದ್ದಲ್ವಾ, ಬೋರ್ ಮಾಡಿ ಸ್ವಲ್ಪ ಪವರ್ ಹೆಚ್ಚು ಮಾಡಿ ಕೊಡಿ." 74 ಇದ್ದದ್ದು 74.5 ಆದರೆ 1298 ಸಿಸಿ 1316 ಆಗ್ತದೆ, ನೂರಕ್ಕೆ ಒಂದೂವರೆಯೂ ಇಲ್ಲ. ಬೋರಿಂಗ್ ಆದ ಮೇಲೆ ಪಿಕಪ್ ಬಂತು ಅನ್ನಿಸುವುದು ಕಳೆದುಹೋದ ಕಂಪ್ರೆಷನ್ ವಾಪಸು ಬಂದದ್ದರಿಂದ. ನಿಜವಾದ ಪವರ್ ಇರುವುದು ಹೆಡ್ಡಿನಲ್ಲಿ, ಎಂಜಿನ್ ಎಷ್ಟು ಉಸಿರು ಎಳೆಯುತ್ತದೆ ಎಂಬುದರಲ್ಲಿ. ಡರ್ಟ್ ಟ್ರ್ಯಾಕ್ ರೇಸಿನ ಗಾಡಿಗೆ ಕಟ್ಟುವಾಗ ಮೆಡಿಕಲ್ ಶಾಪಿನ ಸಿರಿಂಜಿನಿಂದ ಎಣ್ಣೆ ತುಂಬಿಸಿ ಹೆಡ್ಡಿನಲ್ಲಿ ಪೆಟ್ರೋಲ್ ಉರಿಯುವ ನಾಲ್ಕೂ ಚೇಂಬರ್ ಅಳೆದು ಸಮ ಮಾಡ್ತೇನೆ. ಬ್ಲಾಕಿನ ಮೇಲ್ಮೈ ಅರ್ಧ ಮಿ.ಮೀ. ತೆಗೆದರೆ 9 ಇದ್ದ ಕಂಪ್ರೆಷನ್ ಅನುಪಾತ ಸುಮಾರು 9.45 ಆಗ್ತದೆ. ವಾಲ್ವ್ ತೆರೆಯುವ ಕ್ಯಾಮ್ ಬದಲಾಯಿಸಿದರೆ ಪಿಸ್ಟನ್ ತಲೆಗೆ ಮಕ್ಕಳ ಆಟದ ಮಣ್ಣು ಮೆತ್ತಿ, ಕೈಯಲ್ಲೇ ಎರಡು ಸುತ್ತು ತಿರುಗಿಸಿ, ವಾಲ್ವ್ ಒತ್ತಿದ ಗುಂಡಿಯಲ್ಲಿ ಎಷ್ಟು ದಪ್ಪ ಉಳಿದಿದೆ ಎಂದು ಕೊಯ್ದು ನೋಡಬೇಕು. ಎರಡು ಮಿ.ಮೀ.ಗಿಂತ ಕಡಿಮೆ ಇದ್ದರೆ ನನಗೆ ನಿದ್ದೆ ಬರುವುದಿಲ್ಲ. ನಿಮಿಷಕ್ಕೆ 6000 ಸುತ್ತು ತಿರುಗುವ ಎಂಜಿನ್ನನ್ನು 8000ಕ್ಕೆ ತಿರುಗಿಸಿದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೋಲ್ಟ್ ಮೇಲೆ ಬೀಳುವ ಎಳೆತ ಮೂರರಲ್ಲೊಂದು ಪಾಲು ಅಲ್ಲ, ಮುಕ್ಕಾಲು ಪಾಲಿಗಿಂತಲೂ ಹೆಚ್ಚಾಗ್ತದೆ. ಹುಡುಗರು ಕ್ಯಾಮಿಗೆ ದುಡ್ಡು ತರ್ತಾರೆ, ಬೋಲ್ಟಿಗೆ ತರುವುದಿಲ್ಲ.

ರಸ್ತೆಯ ಗಾಡಿಗೆ ಇದೆಲ್ಲ ನಾನು ಮಾಡಿ ಕೊಡುವುದಿಲ್ಲ. ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿದರೆ ಯಾರೂ ಕೇಳುವುದಿಲ್ಲ ಎನ್ನುವವರಿದ್ದಾರೆ, ಕಂಪೆನಿ ಕೊಟ್ಟ ವಿವರಕ್ಕೆ ಬೇರೆಯಾಗುವಂತೆ ಗಾಡಿ ಬದಲಿಸಬಾರದು ಎನ್ನುವ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಎರಡೂ ಕಡೆಗೆ ಒಂದೇ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿ ಹೇಳಿದ್ದು ಕೇರಳದಿಂದಲೇ ಹೋದ ಪ್ರಕರಣದಲ್ಲಿ.

ಮಾವನ ಎಂಜಿನ್ ಟಾರ್ಕ್ ರೆಂಚಿನಲ್ಲಿ ಬಿಗಿದು ಮುಗಿಸಿದೆ. ಬಿಗಿದ ಪ್ರತಿ ಬೋಲ್ಟಿನ ತಲೆಗೂ ಹಳದಿ ಬಣ್ಣದ ಒಂದು ಗೆರೆ ಎಳೆಯುವುದು ನನ್ನ ಅಭ್ಯಾಸ, ಬಿಟ್ಟುಹೋದದ್ದು ಕಣ್ಣಿಗೆ ಬೀಳಲಿ ಎಂದು. ಗಂಟೆಗಟ್ಟಲೆ ಐಡ್ಲಿಂಗಿನಲ್ಲಿ ಇಡಬೇಡಿ, ರಿಂಗ್ ಕೂರಲು ಸ್ವಲ್ಪ ಹೊರೆ ಬೇಕು, ಮುಳ್ಳೇರಿಯ ಕಡೆಯ ಏರು ತಗ್ಗಿನಲ್ಲಿ ಓಡಿಸಿ, ನೂರು ಕಿಲೋಮೀಟರಿಗೆ ಆಯಿಲ್ ಬದಲಿಸಲು ಬನ್ನಿ ಎಂದೆ. ಬಂದರು. ಆಮೇಲೆ ವರ್ಷಕ್ಕೊಮ್ಮೆ ಬಂದು "ಓಡ್ತದೆ ಮಾಣಿ, ಆದರೂ ಬಿಚ್ಚಿದ್ದಲ್ವಾ" ಎನ್ನುತ್ತಿದ್ದರು.

ಹೋದ ತಿಂಗಳು ಉಪ್ಪಳದ ಹುಡುಗನೊಬ್ಬ ಜಿಪ್ಸಿ ತಂದ. ಖರೀದಿಗೆ ಮಾತಾಗಿದೆಯಂತೆ, ಒಮ್ಮೆ ನೋಡಿ ಹೇಳಬೇಕಂತೆ. "ರೇಟ್ ಸ್ವಲ್ಪ ಹೆಚ್ಚೇ ಅಣ್ಣಾ. ಆದರೆ ಎಂಜಿನ್ ಬಿಚ್ಚಲೇ ಇಲ್ಲವಂತೆ, ಕಂಪೆನಿ ಫಿಟ್ಟಿಂಗ್ ಅಂತ ಹೇಳಿದ್ದಾರೆ, ಪೆರ್ಲದ ಒಬ್ರು ಭಟ್ರು." ಟಾರ್ಚ್ ಹಿಡಿದು ಅಡಿಗೆ ಹೋದೆ. ಮಣ್ಣು ಒರೆಸಿದಾಗ ಎಂಜಿನ್ ಅಡಿಯ ಎಣ್ಣೆ ತಟ್ಟೆಯ, ಅಂದರೆ ಸಂಪಿನ ಬೋಲ್ಟುಗಳ ಸಾಲಿನಲ್ಲಿ ಹಳದಿ ಗೆರೆಗಳು ಮಾಸಿದ್ದವು, ಒಂದೂ ಕದಲಿರಲಿಲ್ಲ.

"ಹೇಗುಂಟು ಅಣ್ಣಾ?" ಎಂದು ಹುಡುಗ ಬಗ್ಗಿ ಕೇಳಿದ.

"ಎಂಜಿನ್ ಚೆನ್ನಾಗುಂಟು," ಎಂದೆ, "ಆದರೆ ಬಿಚ್ಚಿದ್ದು. ರೇಟ್ ಇಳಿಸ್ಲಿಕ್ಕೆ ಹೇಳು."