ಮೂವತ್ತು ಲ್ಯಾಪ್‌ಟಾಪ್, ಒಂದು ಶನಿವಾರ

ಬೆಳಿಗ್ಗೆ ಒಂಬತ್ತೂವರೆಗೆ ಮೂವತ್ತು ಪೆಟ್ಟಿಗೆಗಳು ಲ್ಯಾಬಿನ ನೆಲದ ಮೇಲೆ ಸಾಲಾಗಿದ್ದವು. ನೆಲದ ಮೇಲೆ ಇಟ್ಟದ್ದೇ ಮೊದಲ ತಪ್ಪು. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಕಡೆಯ ಮುರಕಲ್ಲಿನ ಹಳೆ ಶಾಲಾ ಕಟ್ಟಡ, ಹೊರಗೆ ಜೂನ್ ತಿಂಗಳ ಮಳೆ. ಇಂಥಲ್ಲಿ ರಟ್ಟಿನ ಪೆಟ್ಟಿಗೆ ನೆಲಕ್ಕೆ ತಾಗಿ ಒಂದು ವಾರ ಇದ್ದರೆ ಕೆಳಗಿನಿಂದ ಗೆದ್ದಲು ಹತ್ತುತ್ತದೆ. ಮೊದಲು ಎಲ್ಲವನ್ನೂ ಬೆಂಚಿನ ಮೇಲೆ ಏರಿಸಿದ್ದಾಯಿತು.

ಕೇರಳದ ಶಾಲೆಗಳಿಗೆ ಕಂಪ್ಯೂಟರ್ ಹೊಸತಲ್ಲ. ಐಟಿ@ಸ್ಕೂಲ್ ಎಂಬ ಸರ್ಕಾರಿ ಯೋಜನೆ ಶುರುವಾದದ್ದು 2001ರಲ್ಲಿ. ಅದೇ ಮುಂದೆ ಕೈಟ್ ಆಯಿತು. 2018ರ ಹೈಟೆಕ್ ಶಾಲೆ ಯೋಜನೆಯಲ್ಲಿ ಎಂಟರಿಂದ ಹನ್ನೆರಡನೆಯವರೆಗಿನ 45,000 ತರಗತಿ ಕೋಣೆಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಎಂಬ ಲೆಕ್ಕವಿತ್ತು. ಆದರೆ ಟೀಚರ ಮೇಜಿನ ಮೇಲಿನ ಒಂದು ಯಂತ್ರ ಬೇರೆ, ಮಕ್ಕಳ ಕೈಗೆ ಹೋಗುವ ಮೂವತ್ತು ಬೇರೆ. ಮೇಜಿನದ್ದಕ್ಕೆ ಒಬ್ಬರು ಯಜಮಾನರಿರುತ್ತಾರೆ.

ಪೆಟ್ಟಿಗೆ ಬಿಚ್ಚಿದ ಕೂಡಲೇ ಆನ್ ಮಾಡಬೇಡಿ. ಯಂತ್ರದ ಅಡಿಯ ಸೀರಿಯಲ್ ನಂಬರು, ಪೆಟ್ಟಿಗೆಯ ಮೇಲಿನ ನಂಬರು, ಬಿಲ್ಲಿನಲ್ಲಿರುವ ನಂಬರು ಮೂರೂ ಒಂದೇ ಎಂದು ನೋಡಿ ಸ್ಟಾಕ್ ರಿಜಿಸ್ಟರಿಗೆ ಬರೆಯಬೇಕು. ಆಮೇಲೆ 1ರಿಂದ 30ರವರೆಗೆ ದೊಡ್ಡ ಅಂಕಿಯ ಚೀಟಿ: ಒಂದು ಮುಚ್ಚಳಕ್ಕೆ, ಅದೇ ಅಂಕಿಯದು ಚಾರ್ಜರಿಗೆ, ಮತ್ತೊಂದು ಚೀಲಕ್ಕೆ. ಚಾರ್ಜರಿಗೆ ಯಾಕೆ ಎಂದು ಕೇಳುವವರಿದ್ದಾರೆ. ಹಳೆ ಕಪಾಟಿನಲ್ಲಿ 45 ವ್ಯಾಟಿನ ಚಾರ್ಜರುಗಳೂ ಇರುತ್ತವೆ, ಪಿನ್ನು ಒಂದೇ. 65 ವ್ಯಾಟ್ ಬೇಕಾದ ಯಂತ್ರಕ್ಕೆ ಅದನ್ನು ಚುಚ್ಚಿದರೆ ಚಾರ್ಜ್ ನಿಧಾನ, ಕೆಲಸ ಮಾಡುತ್ತಿರುವಾಗ ಏರುವುದೇ ಇಲ್ಲ. ಮಕ್ಕಳು ಬಂದು "ಬ್ಯಾಟರಿ ಹಾಳಾಗಿದೆ ಟೀಚರ್" ಎನ್ನುತ್ತಾರೆ. ಬ್ಯಾಟರಿಗೆ ಏನೂ ಆಗಿರುವುದಿಲ್ಲ.

ಹತ್ತೂವರೆಗೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಒಂದು ಗೋಡೆ ಪ್ಲಗ್ಗಿನಿಂದ ಎಕ್ಸ್‌ಟೆನ್ಶನ್, ಅದರಿಂದ ಇನ್ನೊಂದು, ಅದರಿಂದ ಮತ್ತೊಂದು, ಮೂವತ್ತೂ ಚಾರ್ಜಿಗೆ. ಲೆಕ್ಕ ಸುಲಭದ್ದು. 30 ಚಾರ್ಜರ್, 65 ವ್ಯಾಟ್, ಒಟ್ಟು 1,950 ವ್ಯಾಟ್. 230 ವೋಲ್ಟಿನಿಂದ ಭಾಗಿಸಿದರೆ 8.5 ಆಂಪಿಯರ್. ಗೋಡೆಯ ಪ್ಲಗ್ 6 ಆಂಪಿಯರಿನದ್ದು. ಚಾರ್ಜರಿನ ಮೇಲೆ ಬರೆದ 65 ವ್ಯಾಟ್ ಅದು ಯಂತ್ರಕ್ಕೆ ಕೊಡುವುದು, ಗೋಡೆಯಿಂದ ಎಳೆಯುವುದಲ್ಲ. ಸಣ್ಣ ಚಾರ್ಜರುಗಳ ಪವರ್ ಫ್ಯಾಕ್ಟರ್ ಕೂಡ ಕಡಿಮೆ, ಹಾಗಾಗಿ ತಂತಿಯಲ್ಲಿ ಹರಿಯುವ ಕರೆಂಟು ಈ ಲೆಕ್ಕಕ್ಕಿಂತಲೂ ಹೆಚ್ಚು. ಕರೆಂಟು ಹೆಚ್ಚಾದರೆ ತಾನಾಗಿ ಕಡಿಯುವ ಎಂಸಿಬಿ ಸ್ವಿಚ್ಚು ಯಾಕೆ ಬೀಳಲಿಲ್ಲ? ಅದು 16 ಆಂಪಿಯರಿನದ್ದು. ಅದು ಬೀಳುವ ಮೊದಲೇ ಪ್ಲಗ್ಗಿನ ಸಡಿಲ ಹಿತ್ತಾಳೆ ಕಾದು ಸುತ್ತಲಿನ ಪ್ಲಾಸ್ಟಿಕ್ಕನ್ನು ಕರಗಿಸಲು ಶುರುಮಾಡುತ್ತದೆ. ಒಂದು ಗೋಡೆ ಪ್ಲಗ್ಗಿಗೆ ಹತ್ತಕ್ಕಿಂತ ಹೆಚ್ಚು ಬೇಡ, ಎಕ್ಸ್‌ಟೆನ್ಶನ್ನಿಗೆ ಎಕ್ಸ್‌ಟೆನ್ಶನ್ ಸಿಕ್ಕಿಸುವುದಂತೂ ಬೇಡವೇ ಬೇಡ. ಮೂರು ಸರದಿಯಲ್ಲಿ ಹತ್ತು ಹತ್ತು ಚಾರ್ಜ್ ಮಾಡಿದರೆ ಹಳೆ ವೈರಿಂಗ್ ತಡೆಯುತ್ತದೆ. ಕಪಾಟಿಗೆ ಹೋಗುವ ಯಂತ್ರಗಳು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಚಾರ್ಜಿನಲ್ಲಿದ್ದರೆ ಸಾಕು. ಪೂರ್ತಿ ಖಾಲಿಯಾಗಿ ಎರಡು ತಿಂಗಳ ಬೇಸಿಗೆ ರಜೆ ಕಳೆದ ಬ್ಯಾಟರಿ ಎಷ್ಟೋ ಸಲ ಮತ್ತೆ ಏಳುವುದಿಲ್ಲ.

ಸಾಫ್ಟ್‌ವೇರಿನ ಕೆಲಸ ಹೀಗೆ. ಒಂದು ಯಂತ್ರವನ್ನು ಮಾದರಿಯಾಗಿ ಸಿದ್ಧಪಡಿಸಿ, ಅದರ ಪಡಿಯಚ್ಚನ್ನು ಕ್ಲೋನ್‌ಜಿಲ್ಲಾ ಎಂಬ ಸಾಫ್ಟ್‌ವೇರಿನಿಂದ ತೆಗೆದು ಉಳಿದವಕ್ಕೆ ಇಳಿಸುವುದು. ಮೂರು ಪೆನ್‌ಡ್ರೈವ್, ಒಂದು ಯಂತ್ರಕ್ಕೆ ಸುಮಾರು ಇಪ್ಪತ್ತು ನಿಮಿಷ, ಮೂವತ್ತಕ್ಕೆ ಮಧ್ಯಾಹ್ನವಾಗುತ್ತದೆ. ಹನ್ನೆರಡು ಯಂತ್ರ ಮುಗಿದಿತ್ತು. ಲಿಟ್ಲ್ ಕೈಟ್ಸ್ ಎಂಬ ಮಕ್ಕಳ ಐಟಿ ಕ್ಲಬ್ಬಿನ, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ವಿದ್ಯಾರ್ಥಿ ಖಾತೆಗೆ ಹೋಗಿ, "ಮಾಷ್ಟ್ರೇ, ಕನ್ನಡ ಬರುದಿಲ್ಲ" ಎಂದಳು.

ನಿಜ, ಬರುತ್ತಿರಲಿಲ್ಲ. ಮಾದರಿ ಯಂತ್ರದಲ್ಲಿ ಕನ್ನಡ ಕೀಬೋರ್ಡ್ ಸೇರಿಸಿದ್ದು ಟೀಚರ ಖಾತೆಯಲ್ಲಿ. ಉಬುಂಟು ಆಧಾರದ ಈ ಆಪರೇಟಿಂಗ್ ವ್ಯವಸ್ಥೆಯಲ್ಲಿ ಕೀಬೋರ್ಡಿನ ಆಯ್ಕೆ ಆಯಾ ಖಾತೆಯ ಮನೆ ಫೋಲ್ಡರಿನಲ್ಲಿ ಕೂರುತ್ತದೆ, ಪಕ್ಕದ ಖಾತೆಗೆ ಹೋಗುವುದಿಲ್ಲ. ಹನ್ನೆರಡರಲ್ಲೂ ಕೈಯಿಂದ ಸರಿಮಾಡಬಹುದಿತ್ತು. ಆದರೆ ಹಾಗೆ ಮಾಡಿದಲ್ಲಿ ಒಂದೆರಡು ಬಿಟ್ಟುಹೋಗುವುದು ಖಂಡಿತ. ವಿದ್ಯಾರ್ಥಿ ಖಾತೆಯಲ್ಲೇ ಎಲ್ಲ ಸರಿಮಾಡಿ, ಪಡಿಯಚ್ಚು ಹೊಸದಾಗಿ ತೆಗೆದು, ಮೊದಲಿಂದ ಇಳಿಸಿದ್ದು. ಊಟ ಮೂರು ಗಂಟೆಗೆ.

ಕನ್ನಡದ ಸಂಗತಿ ಇಲ್ಲಿಗೆ ಮುಗಿಯುವುದಿಲ್ಲ, ಹೆಚ್ಚು ಹೊತ್ತು ಬೇಡುವುದೇ ಇದು. ಇಲ್ಲಿನ ಮಕ್ಕಳ ಮನೆಮಾತು ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಏನೂ ಇರಬಹುದು. ಓದುವುದು ಕನ್ನಡದಲ್ಲಿ, ಮೊಬೈಲಿನಲ್ಲಿ ಒತ್ತುವುದು ಇಂಗ್ಲಿಷ್ ಅಕ್ಷರದಲ್ಲಿ. ಭಾರತೀಯ ಭಾಷೆಗಳಿಗಾಗಿ ರೂಪಿಸಿದ ಇನ್‌ಸ್ಕ್ರಿಪ್ಟ್ ಕೀಬೋರ್ಡ್ ನೋಡಿ ಮೊದಲ ದಿನ ಬೆದರುತ್ತಾರೆ. ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಪಾಲು ಬಲಗೈಗೆ ಎಂದು ಹೇಳಿಕೊಟ್ಟರೆ ಅರ್ಧ ಭಯ ಹೋಗುತ್ತದೆ. ಇಂಗ್ಲಿಷಿನ ಡಿ ಕೀ ವಿರಾಮ, ಅಂದರೆ ಅಕ್ಷರದ ಸ್ವರ ತೆಗೆದು ಅರ್ಧಾಕ್ಷರ ಮಾಡುವ ಗುರುತು. ಒತ್ತು ಬೇಕಾದಲ್ಲೆಲ್ಲ ಅದು. 'ಕನ್ನಡ' ಎಂದರೆ ಕೆ, ವಿ, ಡಿ, ವಿ, ಕೊನೆಗೆ ಪಿ ಪಕ್ಕದ ಚೌಕ ಆವರಣದ ಕೀ: ಐದೇ ಒತ್ತು. ಗುಣಿತದ ಚಿಹ್ನೆಯನ್ನು ವ್ಯಂಜನಕ್ಕಿಂತ ಮೊದಲು ಒತ್ತಿದರೆ ಚುಕ್ಕೆಗಳ ವೃತ್ತ ಮೂಡುತ್ತದೆ. ಅದು ಯಂತ್ರದ ದೋಷವಲ್ಲ, ಆಧಾರಕ್ಕೆ ಅಕ್ಷರ ಕೊಡಿ ಎಂಬ ಬೇಡಿಕೆ. ಮಲಯಾಳ ಕೀಬೋರ್ಡೂ ಅದೇ ಯಂತ್ರದಲ್ಲಿದ್ದರೆ ಸೂಪರ್ ಕೀ (ವಿಂಡೋಸ್ ಗುರುತಿನ ಕೀ) ಮತ್ತು ಸ್ಪೇಸ್ ಒತ್ತಿದಾಗ ಮೂರು ಭಾಷೆ ಸುತ್ತುತ್ತವೆ. ಮೇಲಿನ ಪಟ್ಟಿಯ ಎರಡಕ್ಷರದ ಗುರುತು ನೋಡುವ ಅಭ್ಯಾಸ ಮೊದಲ ದಿನವೇ ಆಗಬೇಕು.

ಕಷ್ಟದ್ದು 'ರ‍್ಯಾಂಕ್'. ರ, ವಿರಾಮ, ಯ ಒತ್ತಿದರೆ 'ಆಶ್ಚರ್ಯ'ದಲ್ಲಿರುವ ಅರ್ಕಾವತ್ತು ಬರುತ್ತದೆ. ರ ಮೇಲೆ ನಿಂತು ಯ ಕೆಳಗಿಳಿಯಬೇಕಾದರೆ ರ ಆದ ಮೇಲೆ ಕಣ್ಣಿಗೆ ಕಾಣದ ಜೋಡಕ ಬೇಕು: ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತಿ, 200ಡಿ ಬರೆದು, ಎಂಟರ್. ಇಂಗ್ಲಿಷ್ ಕೀಬೋರ್ಡಿಗೆ ಬದಲಿಸಿಕೊಂಡು ಇದನ್ನು ಮಾಡಬೇಕು, ಇಲ್ಲವಾದರೆ ಡಿ ಇರುವಲ್ಲಿ ವಿರಾಮ ಬೀಳುತ್ತದೆ. 'ರಾಜ್‌ಕುಮಾರ್' ಎಂದು ಜ್ ಬಿಡಿಯಾಗಿ ನಿಲ್ಲಿಸಲು, ವಿರಾಮ ಒತ್ತಿದ ಮೇಲೆ ಅದೇ ರೀತಿ 200ಸಿ. ಈ ಎರಡನ್ನು ಗೋಡೆಯ ಚಾರ್ಟಿಗೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದಾಯಿತು.

ಲಿಬ್ರೆಆಫೀಸಿನಲ್ಲಿ ಇನ್ನೊಂದು ಗಂಟು. ಸ್ಟೈಲಿನಲ್ಲಿ ಅಕ್ಷರದ ಗಾತ್ರ ಹೆಚ್ಚಿಸಿದರೂ ಕನ್ನಡ ಮಾತ್ರ ಸಣ್ಣದಾಗಿಯೇ ಉಳಿಯುತ್ತದೆ. ಅದರ ಲೆಕ್ಕದಲ್ಲಿ ಕನ್ನಡ 'ಕಾಂಪ್ಲೆಕ್ಸ್ ಟೆಕ್ಸ್ಟ್'. ಇಂಗ್ಲಿಷಿಗೊಂದು ಗಾತ್ರ, ಇದಕ್ಕೊಂದು. ಟೂಲ್ಸ್, ಆಪ್ಷನ್ಸ್, ಭಾಷೆಯ ಪುಟಕ್ಕೆ ಹೋಗಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಆನ್ ಮಾಡಿ, ಅಲ್ಲಿ ಕನ್ನಡ ಆರಿಸಿದ ಮೇಲೆ ಎರಡೂ ಕಾಣುತ್ತವೆ. ಕರ್ನಾಟಕದ ಗೆಳೆಯರು ಕಳಿಸುವ ಹಳೆಯ ಪ್ರಶ್ನೆಪತ್ರಿಕೆಗಳು ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಳ್ಳುವುದಕ್ಕೆ ಕಾರಣವೇ ಬೇರೆ. ಅವು 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಫಾಂಟಿನವು, ಯುನಿಕೋಡ್ ಅಲ್ಲ. ಪರಿವರ್ತಕಕ್ಕೆ ಹಾಕಬೇಕು, ಆಮೇಲೆ ಒತ್ತಕ್ಷರಗಳನ್ನು ಕಣ್ಣಿಟ್ಟು ಓದಬೇಕು.

ನೆಟ್ಟಿನ ಬಗ್ಗೆ ಇಷ್ಟೇ: ಮೂವತ್ತು ಯಂತ್ರ ಒಂದೇ ಹೊತ್ತಿಗೆ ಅಪ್‌ಡೇಟ್ ಎಳೆದರೆ, ಒಂದಕ್ಕೆ 500 ಎಂಬಿಯಂತೆ, 15 ಜಿಬಿ. ಯಾವ ಶಾಲೆಯ ಲೈನೂ ತರಗತಿಯ ಹೊತ್ತಿನಲ್ಲಿ ಅದನ್ನು ತಡೆಯದು. ತಾನಾಗಿ ನಡೆಯುವ ಅಪ್‌ಡೇಟ್ ನಿಲ್ಲಿಸಿ, ಮಾದರಿ ಯಂತ್ರದಲ್ಲೇ ಎಲ್ಲ ಮುಗಿಸಿಕೊಳ್ಳಬೇಕು. ಸೈಟುಗಳು 'ಸುರಕ್ಷಿತವಲ್ಲ' ಎಂದು ಹೆದರಿಸಿದರೆ ಮೊದಲು ಯಂತ್ರದ ತಾರೀಕು ನೋಡಿ. ಬ್ಯಾಟರಿ ಪೂರ್ತಿ ಸತ್ತು ಎದ್ದ ಯಂತ್ರದ ಗಡಿಯಾರ ವರ್ಷಗಟ್ಟಲೆ ಹಿಂದೆ ಹೋಗಿರಬಹುದು. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡುವ ಮಕ್ಕಳಿಂದ ಬರುವ ಕಪ್ಪು ಪರದೆ ಇನ್ನೊಂದು. ಡಿಸ್ಕಿನ ಪಾರ್ಟಿಶನ್ನಿನ ಹೆಸರು ಕೊಟ್ಟು ಎಫ್‌ಎಸ್‌ಸಿಕೆ ಎಂಬ ದುರಸ್ತಿ ಕಮಾಂಡ್ ಓಡಿಸಿದರೆ ಹೆಚ್ಚಿನವು ಎದ್ದು ನಿಲ್ಲುತ್ತವೆ.

ಮನೆಗೆ ಕೊಡುವ ಯಂತ್ರಗಳಿಗೆ ಪೋಷಕರ ಸಹಿ ಬೇಕು. ಬಂದ ಫಾರ್ಮ್ ಮಲಯಾಳದಲ್ಲಿ ಮಾತ್ರ. ಏನಕ್ಕೆ ಸಹಿ ಹಾಕುತ್ತಿದ್ದೇವೆ ಎಂದು ಓದಲಾಗದ ಅಪ್ಪ ಅಮ್ಮಂದಿರ ಎದುರು ಅದನ್ನು ಚಾಚುವುದು ಸರಿಯಲ್ಲ. ಒಂದು ಪುಟದ ಕನ್ನಡ ಪ್ರತಿ ಬರೆದು ಜೊತೆಗೆ ಲಗತ್ತಿಸಿದ್ದು. ಅದರಲ್ಲಿ ನಾಲ್ಕು ಮಾತು ಹೆಚ್ಚಿಗೆ ಸೇರಿತು: ಮುಚ್ಚುವಾಗ ಒಳಗೆ ಪೆನ್ಸಿಲ್ ಇರಬಾರದು, ಇದ್ದರೆ ಪರದೆ ಒಡೆಯುತ್ತದೆ. ಪರದೆ ಹಿಡಿದು ಎತ್ತಬಾರದು. ಗುಡುಗು ಕೇಳಿದರೆ ಚಾರ್ಜರ್ ತೆಗೆಯಬೇಕು, ತುಲಾ ತಿಂಗಳ ಸಂಜೆ ಮಳೆಯಲ್ಲಿ ಮುಖ್ಯವಾಗಿ. ನೀರು ಬಿದ್ದರೆ ಆಫ್ ಮಾಡಿ, ಬೋರಲು ಇಟ್ಟು, ಆನ್ ಮಾಡದೆ ಶಾಲೆಗೆ ತರಬೇಕು. ಒಲೆಯ ಬಳಿ ಒಣಗಿಸಬಾರದು.

ಸಂಜೆ ಆರಕ್ಕೆ ಇಪ್ಪತ್ತೊಂಬತ್ತು ಸಿದ್ಧ. ಹದಿನೇಳನೆಯದರ ಟಚ್‌ಪ್ಯಾಡ್ ಹುಟ್ಟಿನಿಂದಲೇ ಮಲಗಿತ್ತು. ಸೀರಿಯಲ್ ನಂಬರು, ಫೋಟೋ, ಬಿಲ್ಲಿನ ತಾರೀಕು ಸೇರಿಸಿ ದೂರು ಬರೆದದ್ದಾಯಿತು. ರಿಜಿಸ್ಟರಿನಲ್ಲಿ ಅದರ ಸಾಲಿಗೆ ಕೆಂಪು ಗೆರೆ, ಚಾರ್ಜರ್ ಮಾತ್ರ ಹೊರಗೆ, 'ಸ್ಪೇರ್' ಎಂದು ಬರೆದು.