ಅಮ್ಮನ ಜೊತೆ ಸ್ಯಾನ್ ಫ್ರಾನ್ಸಿಸ್ಕೊಗೆ: ದೂರ ಎಷ್ಟು, ಹೊತ್ತು ಎಷ್ಟು

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಆಕಾಶದಲ್ಲಿ ಅತಿ ಹತ್ತಿರದ ದಾರಿ ಸುಮಾರು 14,000 ಕಿ.ಮೀ. ಅದು ಸೈಬೀರಿಯಾದ ಮೇಲೆ ಹಾದು ಹೋಗುತ್ತದೆ. ಆದರೆ ವಿಮಾನಗಳು ಯಾವಾಗಲೂ ಅದೇ ದಾರಿ ಹಿಡಿಯುವುದಿಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಎಲ್ಲೂ ನಿಲ್ಲದೆ ಬಂದದ್ದು ಉತ್ತರ ಧ್ರುವದ ಮೇಲಿಂದ. ಸುಮಾರು 17 ಗಂಟೆ ಹಿಡಿಯಿತು.

ತಂಗಿಯ ಬಾಣಂತನಕ್ಕೆ ಹೊರಟ ಅಮ್ಮನಿಗೆ ಮಂಡಿನೋವು. ಅಷ್ಟು ಹೊತ್ತು ಒಂದೇ ಸಮ ಕೂರುವುದು ಆಗದ ಮಾತು. ಹಾಗಾಗಿ ನಾನು ಮೊದಲು ನೋಡಿದ್ದು ದಾರಿ ಎಲ್ಲಿ ತುಂಡಾಗುತ್ತದೆ ಅಂತ. ದುಬೈ ಮೇಲೆ ಹೋದರೆ ಒಟ್ಟು 15,700 ಕಿ.ಮೀ., ಫ್ರಾಂಕ್‌ಫರ್ಟ್ ಮೇಲೆ 16,500. ದುಬೈ ಹತ್ತಿರ ಅನ್ನಿಸುತ್ತದೆ ಅಲ್ವಾ? ಆದರೆ ಅಲ್ಲಿಗೆ 2,700 ಕಿ.ಮೀ. ಮಾತ್ರ, ಉಳಿದ 13,000 ಒಂದೇ ಓಟ, ಹತ್ತಿರ ಹತ್ತಿರ 16 ಗಂಟೆ. ಫ್ರಾಂಕ್‌ಫರ್ಟ್ ದಾರಿಯಲ್ಲಿ ಒಂಬತ್ತೂವರೆ, ಹನ್ನೊಂದೂವರೆ ಗಂಟೆಯ ಎರಡು ಓಟ. ವಯಸ್ಸಾದವರಿಗೆ ಇದೇ ವಾಸಿ. ಸ್ವಲ್ಪ ದುಡ್ಡು ಜಾಸ್ತಿಯಾದರೂ ನಾನು ಇದನ್ನೇ ಹೇಳುತ್ತೇನೆ.

ನಡುವೆ ಮೂರು ಗಂಟೆಯಾದರೂ ಬಿಡುವು ಇರಲಿ. ವೀಲ್‌ಚೇರ್ ಕೇಳಿದವರನ್ನು ಕೊನೆಗೆ ಇಳಿಸುತ್ತಾರೆ. ವಿಮಾನವೆಲ್ಲ ಖಾಲಿಯಾದ ಮೇಲೂ ಅಮ್ಮ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲ ಕಡೆ ನೋಡುತ್ತ ಕೂತಿದ್ದರು. ಆಮೇಲೆ ಲಿಫ್ಟು, ಮತ್ತೆ ಸೆಕ್ಯುರಿಟಿ ತಪಾಸಣೆ. ಬಿಡುವು ಒಂದೂವರೆ ಗಂಟೆ ಇದ್ದಿದ್ದರೆ ಮುಂದಿನ ವಿಮಾನ ಸಿಗುತ್ತಿರಲಿಲ್ಲ. ಎರಡೂ ವಿಮಾನ ಒಂದೇ ಟಿಕೆಟ್‌ನಲ್ಲಿರಲಿ. ಬೇರೆ ಬೇರೆ ತೆಗೆದರೆ ಲಗೇಜ್ ನೀವೇ ಬಿಡಿಸಿಕೊಂಡು ಮತ್ತೆ ಹಾಕಬೇಕಾಗಬಹುದು, ಅದಕ್ಕೆ ಆ ದೇಶದ ವೀಸಾ ಬೇಕಾಗಬಹುದು.

ಟಿಕೆಟ್‌ನಲ್ಲಿರುವುದು ಆಯಾ ಊರಿನ ಸಮಯ. ಬೆಳಗಿನ ಜಾವ 3ಕ್ಕೆ ಹೊರಟು ಅದೇ ದಿನ ಮಧ್ಯಾಹ್ನ 2ಕ್ಕೆ ಇಳಿಯುವುದು ಅಂತಿದ್ದರೆ 11 ಗಂಟೆ ಅಂದುಕೊಳ್ಳಬೇಡಿ. ಬೇಸಿಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದವರು ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಅಂದರೆ ಬೇಸಿಗೆಯ ಪ್ರಯಾಣ ಇಪ್ಪತ್ಮೂರೂವರೆ ಗಂಟೆ. ಮಾತ್ರೆಗಳನ್ನು ಈ ಲೆಕ್ಕದಲ್ಲಿ ಕೈಚೀಲದಲ್ಲಿಡಿ. ಯಾವ ಮಾತ್ರೆ ಯಾವಾಗ ಅಂತ ಮೊದಲೇ ಡಾಕ್ಟರನ್ನು ಕೇಳಿ.

ತಾರೀಖು ಎರಡು ಸಲ ನೋಡಿ. 15ರ ಬೆಳಗಿನ ಜಾವ 3 ಗಂಟೆ ಅಂದರೆ ಮನೆ ಬಿಡುವುದು 14ರ ರಾತ್ರಿ. ಜಯನಗರದಿಂದ ದೇವನಹಳ್ಳಿಗೆ ಹೋಗಲು ಹೆಬ್ಬಾಳ ದಾಟಬೇಕು. ಸಂಜೆಯಾದರೆ ಎರಡು ಗಂಟೆ ಇಟ್ಟುಕೊಳ್ಳಿ. ಮೂರು ಗಂಟೆ ಮುಂಚೆ ಎರಡನೇ ಟರ್ಮಿನಲ್‌ನಲ್ಲಿರಬೇಕು. ಸಾರಿನ ಪುಡಿ, ಚಟ್ನಿಪುಡಿ ದೊಡ್ಡ ಪೆಟ್ಟಿಗೆಗೆ ಹಾಕಿ. ಕೈಚೀಲದಲ್ಲಿ 350 ಮಿ.ಲೀ. ಡಬ್ಬಿಗಿಂತ ಜಾಸ್ತಿ ಪುಡಿ ಇದ್ದರೆ ಅಮೆರಿಕದ ವಿಮಾನಕ್ಕೆ ಬಿಚ್ಚಿ ನೋಡುತ್ತಾರೆ. ಒಣ ಕೊಬ್ಬರಿ ಬೇಡವೇ ಬೇಡ, ಅದು ಬೆಂಕಿ ಹತ್ತುವ ವಸ್ತುಗಳ ಪಟ್ಟಿಯಲ್ಲಿದೆ.