ದಿನಕ್ಕೆ ಒಂದು ಮಿಲಿಮೀಟರ್

ನನ್ನ ತಮ್ಮನ ಬಲಗಾಲಿನಲ್ಲಿ, ಮೊಣಕಾಲಿಗೂ ಪಾದಕ್ಕೂ ನಡುವೆ, ಏಳು ಸೆಂಟಿಮೀಟರ್ ಉದ್ದಕ್ಕೆ ಮೂಳೆಯೇ ಇರಲಿಲ್ಲ. ಬರೀ ಮುರಿದಿದ್ದರೆ ತುದಿಗೆ ತುದಿ ಕೂಡಿಸಿ, ಒಳಗೆ ರಾಡು ಹಾಕಿ, ಕೆಲವು ತಿಂಗಳು ಕಾಯಬಹುದಿತ್ತು. ಊರಿನವರೆಲ್ಲ ಕೇಳುತ್ತಿದ್ದುದೂ ಅದನ್ನೇ: "ರಾಡು ಹಾಕಿದರಾ?" ಮೂಳೆಯೇ ಇಲ್ಲದ ಕಡೆ ರಾಡು ಯಾವುದನ್ನು ಯಾವುದಕ್ಕೆ ಕೂಡಿಸಬೇಕು ಎಂದು ವಿವರಿಸುವಷ್ಟು ತಾಳ್ಮೆ ಆಗ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಈಗ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಅವನು ಗೂಡ್ಸ್ ಆಟೊ ಓಡಿಸುತ್ತಾನೆ. ಆ ದಿನ ಮಾತ್ರ ಕೊಬ್ಬರಿಯ ಬಾಕಿ ಹಣ ತರಲು ಬೈಕಿನಲ್ಲಿ ತಿಪಟೂರಿಗೆ ಹೋಗಿದ್ದ. ಮರಳುವಾಗ ಅರಸೀಕೆರೆ ರಸ್ತೆಯಲ್ಲಿ ಲಾರಿಯೊಂದು ತಾಗಿತು. ಕಾಲು ಬೈಕಿನ ಅಡಿಗೆ ಸಿಕ್ಕಿ ಡಾಂಬರಿನ ಮೇಲೆ ಉಜ್ಜಿಕೊಂಡು ಹೋಯಿತು. ಮೊಣಕಾಲ ಕೆಳಗಿನ ದೊಡ್ಡ ಮೂಳೆಯ ಮುಂಬದಿಗೆ ಮಾಂಸದ ಹೊದಿಕೆ ಇಲ್ಲ. ಬೆರಳಾಡಿಸಿ ನೋಡಿಕೊಂಡರೆ ಚರ್ಮದ ಕೆಳಗೆ ನೇರವಾಗಿ ಮೂಳೆಯೇ ಸಿಗುತ್ತದೆ. ಬೈಕ್ ಅಪಘಾತಗಳಲ್ಲಿ ಈ ಮೂಳೆ ಚರ್ಮ ಹರಿದು ಹೊರಬರುವುದು ಅದಕ್ಕೇ. ಅವನನ್ನು ಎತ್ತಿ ಆಂಬುಲೆನ್ಸಿಗೆ ಹಾಕಿದ ಪುಣ್ಯಾತ್ಮರು ರಸ್ತೆಯಲ್ಲಿ ಬಿದ್ದಿದ್ದ ಮೂಳೆಯ ತುಂಡನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಳಿಸಿದ್ದರು. ಅದನ್ನು ಮಡಿಲಲ್ಲಿಟ್ಟುಕೊಂಡೇ ನಾನು ಬೆಂಗಳೂರಿನ ಆಸ್ಪತ್ರೆಗೆ ಹೋದೆ. ತೊಳೆದು ಮತ್ತೆ ಜಾಗಕ್ಕೆ ಇಡಬಹುದೇ ಎಂದು ಕೇಳಿದೆ. "ಅದಕ್ಕೆ ರಕ್ತದ ಸಂಪರ್ಕ ಕಡಿದುಹೋಗಿದೆಯಮ್ಮ, ಮಣ್ಣೂ ಸೇರಿದೆ. ರಕ್ತ ಹರಿಯದ ಮೂಳೆಯಲ್ಲಿ ಕ್ರಿಮಿಗಳು ನೆಲೆಯೂರಿದರೆ ಔಷಧಿ ಅಲ್ಲಿಗೆ ತಲುಪುವುದೇ ಇಲ್ಲ" ಎಂದರು ಡಾಕ್ಟರು. ಕಾಲಿನೊಳಗೇ ಉಳಿದಿದ್ದ ಸತ್ತ ಚೂರುಗಳನ್ನೂ ಒಂದೊಂದಾಗಿ ತೆಗೆದರು. ತೆಗೆದಷ್ಟೂ ಖಾಲಿ ಜಾಗ ದೊಡ್ಡದಾಯಿತು.

ಕೇಸ್ ಶೀಟಿನಲ್ಲಿ '3ಬಿ' ಎಂದು ಬರೆದಿದ್ದರು. ಗಸ್ಟಿಲೊ ಮತ್ತು ಆ್ಯಂಡರ್ಸನ್ ಎಂಬ ವೈದ್ಯರು 1976ರಲ್ಲಿ ತೆರೆದ ಮುರಿತಗಳನ್ನು, ಎಂದರೆ ಚರ್ಮವೂ ಹರಿದು ಗಾಯವಾದ ಮುರಿತಗಳನ್ನು, ಮೂರು ದರ್ಜೆಗಳಾಗಿ ವಿಂಗಡಿಸಿದ್ದರು. ಮೂರನೆಯ ದರ್ಜೆಗೆ ಒಳಭೇದಗಳು ಆಮೇಲೆ ಸೇರಿದವು. 3ಬಿ ಎಂದರೆ ಮೂಳೆ ಮುಚ್ಚಲು ಬೇರೆ ಕಡೆಯಿಂದ ಮಾಂಸ ತರಬೇಕಾದ ಗಾಯ. ಪ್ಲಾಸ್ಟಿಕ್ ಸರ್ಜನ್ ಮೀನಖಂಡದ ಒಳಗಿನ ಸ್ನಾಯುವನ್ನು ಹಿಂದಿನಿಂದ ಮುಂದಕ್ಕೆ ತಿರುಗಿಸಿ ಹೊದಿಸಿ, ಅದರ ಮೇಲೆ ತೊಡೆಯ ಚರ್ಮ ಕೂರಿಸಿದರು. ಗಾಯ ಮಾಗಿತು. ಖಾಲಿ ಜಾಗ ಹಾಗೇ ಉಳಿಯಿತು.

ಮುಂದೇನು ಎಂದು ಹೇಳಲು ಮೂಳೆ ಡಾಕ್ಟರು ನಮ್ಮನ್ನೆಲ್ಲ ಕೂರಿಸಿಕೊಂಡರು. ಮೊದಲು ಅವರು ಹೇಳಿದ್ದು ಕಾಲು ತೆಗೆಯುವ ವಿಷಯ. ಮೊಣಕಾಲು ಉಳಿಸಿಕೊಂಡು ಅದರ ಕೆಳಗೆ ತೆಗೆದರೆ ಕೃತಕ ಕಾಲು ಹಾಕಿಕೊಂಡು ಬೇಗ ನಡೆಯಬಹುದು, ದುಡಿಮೆಗೂ ಬೇಗ ಮರಳಬಹುದು. ಉಳಿಸುವ ದಾರಿ ಒಂದು ವರ್ಷದ್ದು, ಅದರ ಕೊನೆಗೂ ಖಾತರಿ ಇಲ್ಲ. ಅಮ್ಮ ಕಿವಿ ಮುಚ್ಚಿಕೊಂಡರು. ಆದರೆ ಆ ಮಾತನ್ನು ಡಾಕ್ಟರು ನುಂಗಿಕೊಳ್ಳದೆ ಮುಂದಿಟ್ಟದ್ದಕ್ಕೆ ನನಗೆ ಇಂದಿಗೂ ಗೌರವವಿದೆ. ಎರಡನ್ನೂ ತೂಗಿ ನೋಡಿದವನಿಗೆ ಮಾತ್ರ ಆ ಒಂದು ವರ್ಷವನ್ನು ಹೊರುವ ಶಕ್ತಿ ಬರುತ್ತದೆ.

ಉಳಿಸುವುದಾದರೆ ಮೂರು ದಾರಿ ಎಂದರು. ಒಂದು, ಫ್ರಾನ್ಸಿನ ಮಾಸ್ಕಲೇ ಎಂಬ ಶಸ್ತ್ರವೈದ್ಯರು 1980ರ ದಶಕದಲ್ಲಿ ಕಂಡುಕೊಂಡದ್ದು. ಖಾಲಿ ಜಾಗಕ್ಕೆ ಆ್ಯಂಟಿಬಯೊಟಿಕ್ ಬೆರೆಸಿದ ಮೂಳೆ ಸಿಮೆಂಟು ತುಂಬಿ ಆರರಿಂದ ಎಂಟು ವಾರ ಬಿಟ್ಟರೆ, ದೇಹವೇ ಅದರ ಸುತ್ತ ಒಂದು ಪೊರೆ ಕಟ್ಟುತ್ತದೆ. ಆಮೇಲೆ ಪೊರೆಯನ್ನು ಸೀಳಿ ಸಿಮೆಂಟು ತೆಗೆದು, ಸೊಂಟದ ಮೂಳೆಯಿಂದ ಕೆರೆದ ಚೂರುಗಳನ್ನು ಅದರೊಳಗೆ ತುಂಬುತ್ತಾರೆ. ಎರಡು, ಇನ್ನೊಂದು ಕಾಲಿನ ಸಣ್ಣ ಮೂಳೆಯನ್ನು ಅದರ ರಕ್ತನಾಳಗಳ ಸಮೇತ ತಂದು, ಸೂಕ್ಷ್ಮದರ್ಶಕದ ಕೆಳಗೆ ಜೋಡಿಸುವುದು. ಮೂರನೆಯದು ಇಲಿಜಾರೋವ್ ರಿಂಗು: ಇರುವ ಮೂಳೆಯಿಂದಲೇ ಹೊಸ ಮೂಳೆ ಬೆಳೆಸುವುದು. ತಮ್ಮನಿಗೆ ಒಮ್ಮೆ ಸೋಂಕು ಆಗಿ ವಾಸಿಯಾಗಿತ್ತು, ಅಂತರ ದೊಡ್ಡದಿತ್ತು, ರಿಂಗು ಹಾಕಿದರೆ ಕಾಲೂರಿ ನಡೆಯಲೂ ಆಗುತ್ತಿತ್ತು. ಹಾಗಾಗಿ ಮೂರನೆಯದು.

ಗವ್ರಿಲ್ ಇಲಿಜಾರೋವ್ ಸೈಬೀರಿಯದ ಕುರ್ಗಾನ್ ಪ್ರಾಂತ್ಯದ ಹಳ್ಳಿ ಆಸ್ಪತ್ರೆಯೊಂದರಲ್ಲಿ ಕೆಲಸ ಆರಂಭಿಸಿದವರು. ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರ ಕೂಡದ ಮೂಳೆಗಳನ್ನು ನೋಡುತ್ತ ನೋಡುತ್ತ, 1950ರ ದಶಕದ ಆರಂಭದಲ್ಲಿ ಈ ಉಕ್ಕಿನ ರಿಂಗುಗಳನ್ನು ರೂಪಿಸಿದರು. ತಮ್ಮನಿಗೆ ಧೈರ್ಯ ತುಂಬಲು ಡಾಕ್ಟರು ವಲೇರಿ ಬ್ರುಮೆಲ್ ಕತೆ ಹೇಳಿದರು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಚಿನ್ನ ಗೆದ್ದವನು, ಮರುವರ್ಷ ಮೋಟರ್‌ಸೈಕಲ್ ಅಪಘಾತದಲ್ಲಿ ಇದೇ ಬಲಗಾಲನ್ನು ಪುಡಿ ಮಾಡಿಕೊಂಡ. ಶಸ್ತ್ರಚಿಕಿತ್ಸೆಯ ಮೇಲೆ ಶಸ್ತ್ರಚಿಕಿತ್ಸೆಯಾದರೂ ಮೂಳೆ ಕೂಡಲಿಲ್ಲ. ಕೊನೆಗೆ ಕುರ್ಗಾನಿಗೆ ಹೋಗಿ, ಅಲ್ಲಿ ಕಾಲು ಪಡೆದು, ಮತ್ತೆ ಎರಡು ಮೀಟರಿಗಿಂತ ಎತ್ತರ ಜಿಗಿದ. ತಮ್ಮ ಮಾತಾಡಲಿಲ್ಲ. ರಾತ್ರಿ ಮೊಬೈಲಿನಲ್ಲಿ ಬ್ರುಮೆಲ್ ಜಿಗಿಯುವ ಹಳೆಯ ಚಿತ್ರವನ್ನು ಹುಡುಕಿ ನನಗೆ ತೋರಿಸಿದ.

ಶಸ್ತ್ರಚಿಕಿತ್ಸೆ ದೀರ್ಘವಾಗಿತ್ತು, ಅದರ ಬಗ್ಗೆ ನನಗೆ ಹೇಳಲು ಹೆಚ್ಚೇನೂ ಇಲ್ಲ. ಹೊರಬಂದಾಗ ಕಾಲಿನ ಸುತ್ತ ಉಕ್ಕಿನ ರಿಂಗುಗಳು, ಒಂದನ್ನೊಂದು ಸೇರಿಸುವ ತಿರುಪು ಸರಳುಗಳು, ಮೂಳೆಯ ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಗೆ ಬಂದು ರಿಂಗಿಗೆ ಬಿಗಿದುಕೊಂಡ ತಂತಿಗಳು. ಮೊಣಕಾಲ ಕೆಳಗೆ ಚೆನ್ನಾಗಿಯೇ ಇದ್ದ ಮೂಳೆಯನ್ನು ಅವರು ಬೇಕೆಂದೇ ಕತ್ತರಿಸಿದ್ದರು. ಕತ್ತರಿಸಿದ ಕಡೆ ದೇಹ ಮೂಳೆ ಬೆಸೆಯಲು ತೊಡಗುತ್ತದೆ. ಒಂದು ವಾರ ಹಾಗೇ ಬಿಟ್ಟು, ಬೆಸುಗೆ ಇನ್ನೂ ಎಳೆಯದಾಗಿರುವಾಗಲೇ ಆ ತುಂಡನ್ನು ಸ್ವಲ್ಪ ಸ್ವಲ್ಪವೇ ಕೆಳಕ್ಕೆ ಸರಿಸುತ್ತ ಹೋಗಬೇಕು. ಹಿಂದೆ ಬಿಟ್ಟ ಜಾಗದಲ್ಲಿ ಹೊಸ ಮೂಳೆ ಹುಟ್ಟುತ್ತದೆ, ಮುಂದಿನ ಖಾಲಿ ಜಾಗ ಕಿರಿದಾಗುತ್ತದೆ.

ಆ ಸರಿಸುವ ಕೆಲಸ ಆಸ್ಪತ್ರೆಯದಲ್ಲ, ಮನೆಯದು. ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು, ಹೊತ್ತು ಹೊತ್ತಿಗೆ ಕೈಗೆ ಸಿಗುವವಳು, ಹಾಗಾಗಿ ಅದು ನನ್ನ ಪಾಲಿಗೆ ಬಂತು. ಬೇಕಾದ ಉಪಕರಣ ಹತ್ತನೇ ನಂಬರಿನ ಸ್ಪ್ಯಾನರ್, ಗ್ಯಾರೇಜುಗಳಲ್ಲಿ ಇರುವಂಥದ್ದೇ. ಆ ಸರಳಿನಲ್ಲಿ ನಟ್ಟು ಒಂದು ಪೂರ್ತಿ ಸುತ್ತು ಬಂದರೆ ರಿಂಗು ಒಂದು ಮಿಲಿಮೀಟರ್ ಸರಿಯುತ್ತದೆ. ದಿನಕ್ಕೆ ಬೇಕಾದದ್ದು ಅಷ್ಟೇ, ಅದೂ ನಾಲ್ಕು ಕಂತಿನಲ್ಲಿ: ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು, ನಡುರಾತ್ರಿ ಹನ್ನೆರಡು. ಪ್ರತಿ ಸಲ ಕಾಲು ಸುತ್ತು. ನಟ್ಟಿಗೆ ಆರು ಮುಖ ಇರುವುದರಿಂದ ಕಾಲು ಸುತ್ತು ಎಂದರೆ ಒಂದೂವರೆ ಮುಖ. ಲೆಕ್ಕ ತಪ್ಪದಂತೆ ಪ್ರತಿ ನಟ್ಟಿನ ಒಂದು ಮುಖಕ್ಕೆ ಉಗುರುಬಣ್ಣ ಹಚ್ಚಿಕೊಂಡೆ. ಮುಂದಿನ ನಟ್ಟನ್ನು ಸಡಿಲಿಸಿ ಹಿಂದಿನದನ್ನು ಅಷ್ಟೇ ಬಿಗಿಯಬೇಕು, ಎಲ್ಲ ಸರಳುಗಳಲ್ಲೂ ಸಮನಾಗಿ. ಒಂದು ಕಡೆ ಹೆಚ್ಚಾದರೆ ಮೂಳೆ ವಾಲುತ್ತದೆ. ವಾರ್ಡಿನ ಸಿಸ್ಟರ್ ಒಬ್ಬರು ನಮ್ಮನ್ನು ಮನೆಗೆ ಕಳಿಸುವ ಮುನ್ನ ನನ್ನ ಕೈಯಿಂದಲೇ ಮತ್ತೆ ಮತ್ತೆ ಮಾಡಿಸಿದರು. ಈ ಚಿಕಿತ್ಸೆಯಲ್ಲಿ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಒಂದು ಚೀಟಿ ಕೊಟ್ಟು ಕಳಿಸಿಬಿಡುವ ಕಡೆಗಳೂ ಇವೆಯೆಂದು ಆಮೇಲೆ ಇತರ ಮನೆಯವರಿಂದ ಕೇಳಿದೆ.

ಯಾಕೆ ಒಂದೇ ಮಿಲಿಮೀಟರ್, ಬೇಗ ಬೇಗ ತಿರುಗಿಸಿ ಮುಗಿಸಬಾರದೇ ಎಂದು ತಮ್ಮನೇ ಕೇಳಿದ್ದ. ಇಲಿಜಾರೋವ್ ನಾಯಿಗಳ ಕಾಲಿನ ಮೇಲೆ ಇದನ್ನೇ ಪರೀಕ್ಷಿಸಿದ್ದರು. ದಿನಕ್ಕೆ ಅರ್ಧ ಮಿಲಿಮೀಟರ್ ಎಳೆದರೆ ಹೊಸ ಮೂಳೆ ಅವಧಿಗೆ ಮುಂಚೆಯೇ ಗಟ್ಟಿಯಾಗಿ ದಾರಿ ಮುಚ್ಚಿಬಿಡುತ್ತದೆ. ಎರಡು ಎಳೆದರೆ ಮೂಳೆ ಸರಿಯಾಗಿ ಕಟ್ಟುವುದೇ ಇಲ್ಲ, ನರ ಸ್ನಾಯುಗಳೂ ನರಳುತ್ತವೆ. ಅದೇ ಒಂದು ಮಿಲಿಮೀಟರನ್ನು ಸಣ್ಣ ಕಂತುಗಳಾಗಿ ಹಂಚಿದಷ್ಟೂ ಬೆಳವಣಿಗೆ ಚೆನ್ನ. ಏಳು ಸೆಂಟಿಮೀಟರ್ ದಾಟಲು ಕಡಿಮೆಯೆಂದರೂ ಎಪ್ಪತ್ತು ದಿನ. ದಾಟಿದ ಮೇಲೆ ಬೆಳೆದದ್ದು ಗಟ್ಟಿಯಾಗಲು ಅದಕ್ಕಿಂತ ಎಷ್ಟೋ ಹೆಚ್ಚು ತಿಂಗಳು.

ತಂತಿ ಚರ್ಮ ಹೊಕ್ಕ ಪ್ರತಿ ತೂತನ್ನೂ ದಿನಾ ಶುಚಿ ಮಾಡಬೇಕಿತ್ತು. ಅದನ್ನು ತಮ್ಮನ ಹೆಂಡತಿ ವಹಿಸಿಕೊಂಡಳು. ಮೊದಮೊದಲು ಮುಖ ತಿರುಗಿಸಿಕೊಳ್ಳುತ್ತಿದ್ದವಳು ಕ್ರಮೇಣ ಯಾವ ತೂತು ಕೆಂಪಗಾಗಿದೆ, ಯಾವುದು ಒಸರುತ್ತಿದೆ ಎಂದು ನೋಡಿದೊಡನೆ ಹೇಳುವಷ್ಟಾದಳು. ಸರಿಯುವ ರಿಂಗಿನ ತಂತಿಗಳು ಚರ್ಮವನ್ನೂ ನಿಧಾನವಾಗಿ ಸೀಳುತ್ತಲೇ ಸಾಗುತ್ತವೆ, ಹಿಂದೆ ಉದ್ದನೆಯ ಗಾಯದ ಗೆರೆ ಉಳಿಯುತ್ತದೆ. ಅವನು ಹಲ್ಲು ಕಚ್ಚಿ ಸಹಿಸುತ್ತಿದ್ದ. ಪಾದ ಕೆಳಮುಖವಾಗಿ ಬಿಗಿದುಕೊಳ್ಳದಂತೆ ಚಪ್ಪಲಿಯ ಮುಂತುದಿಗೆ ರಬ್ಬರ್ ಪಟ್ಟಿ ಕಟ್ಟಿ ರಿಂಗಿಗೆ ಸಿಕ್ಕಿಸುತ್ತಿದ್ದೆವು. ದಿನಾ ಕಾಲೂರಿ ನಡೆಸುತ್ತಿದ್ದೆವು. ಭಾರ ಬಿದ್ದರೇನೇ ಮೂಳೆ ಬೆಳೆಯುವುದು.

ಬಂಧುಗಳು ಬಂದರು. ಮೂಳೆ ಕಟ್ಟುವ ನಾಟಿ ವೈದ್ಯಕ್ಕೆ ಹೆಸರಾದ ಆಂಧ್ರದ ಪುತ್ತೂರಿಗೆ ಕರೆದುಕೊಂಡು ಹೋಗಿ ಕಟ್ಟು ಹಾಕಿಸಿ ಎಂದರು. ಕಾಲುಸೂಪು ಕುಡಿಸಿ ಎಂದರು. ಸೂಪು ಮಾಡಿಕೊಟ್ಟೆವು, ಮೊಟ್ಟೆ, ಹಾಲು, ಕಾಳುಗಳನ್ನೂ ಕೊಟ್ಟೆವು. ಕಟ್ಟಿನ ಮಾತಿಗೆ ಮಾತ್ರ ಅಮ್ಮನೇ ಉತ್ತರ ಹೇಳಿದರು: "ಇರುವ ಮೂಳೆಯನ್ನು ಕಟ್ಟಬಹುದಪ್ಪ, ಇಲ್ಲದ್ದನ್ನು ಎಲ್ಲಿಂದ ಕಟ್ಟುತ್ತಾರೆ?" ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದು ಒಂದೇ, ಬೀಡಿ ಸಿಗರೇಟು ಮುಟ್ಟಬಾರದು. ಹೊಗೆ ಸಣ್ಣ ರಕ್ತನಾಳಗಳನ್ನು ಹಿಂಡುತ್ತದೆ, ಹೊಸ ಮೂಳೆ ಬದುಕುವುದೇ ಆ ನಾಳಗಳಿಂದ. ತಮ್ಮ ಬಿಟ್ಟ. ಎಲ್ಲಕ್ಕಿಂತ ಕಷ್ಟವಾದದ್ದು ಅದೇ ಎಂದು ಈಗಲೂ ಹೇಳುತ್ತಾನೆ.

ಖರ್ಚಿನ ವಿಷಯ ಹೇಳದಿದ್ದರೆ ಅರ್ಧ ಹೇಳಿದಂತೆ. ಶಸ್ತ್ರಚಿಕಿತ್ಸೆಯ ದೊಡ್ಡ ಪಾಲು ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ನಡೆಯಿತು. ಬಾಡಿಗೆ ಕಾರು, ಗಾಜ್ ಬಟ್ಟೆ, ನಿಂತುಹೋದ ಆಟೊದ ಕಂತು, ನಾನು ಹೊಲಿಯದೆ ಬಿಟ್ಟ ಬಟ್ಟೆಗಳು, ಇವು ಯಾವ ಕಾರ್ಡಿಗೂ ಸೇರುವುದಿಲ್ಲ.

ತಿರುಗಿಸಲು ತೊಡಗಿ ಸುಮಾರು ಒಂದು ತಿಂಗಳಾದ ಮೇಲೆ ಪರೀಕ್ಷೆಗೆ ಹೋದ ದಿನವನ್ನು ನಾನು ಮರೆಯಲಾರೆ. ಹಿಂದಿನ ರಾತ್ರಿ ಅವನಿಗೆ ಜ್ವರ, ಒಂದು ತಂತಿಯ ಸುತ್ತ ಕೀವು. ಹನ್ನೆರಡು ಗಂಟೆಗೆ ನಾನು ಸ್ಪ್ಯಾನರ್ ಹಿಡಿದು ಕೂತಾಗ ಕಾಲು ಎಳೆದುಕೊಂಡು, "ಸಾಕು ಅಕ್ಕ. ನಾಳೆ ಹೋಗಿ ತೆಗೆದೇಬಿಡಿ ಎನ್ನುತ್ತೇನೆ" ಎಂದ. ನಾನು ವಾದಿಸಲಿಲ್ಲ. "ಇವತ್ತಿನದು ಇವತ್ತು ಮಾಡುತ್ತೇನೆ, ನಾಳೆಯದು ನಾಳೆ ನೀನೇ ಹೇಳು" ಎಂದೆ. ಬಹಳ ಹೊತ್ತಿನ ಮೇಲೆ ಕಾಲು ಚಾಚಿದ.

ಹೊರರೋಗಿ ವಿಭಾಗದಲ್ಲಿ ಡಾಕ್ಟರು ಹಿಂದಿನ ಎಕ್ಸ್‌ರೇ ಮತ್ತು ಹೊಸದನ್ನು ದೀಪದ ಪೆಟ್ಟಿಗೆಯ ಮೇಲೆ ಪಕ್ಕಪಕ್ಕ ಇಟ್ಟರು. ತಮ್ಮ ನೋಡಿ, "ಏನೂ ಇಲ್ಲವಲ್ಲ ಸರ್, ಕಪ್ಪಗೇ ಇದೆ" ಎಂದ. ಡಾಕ್ಟರು ಪೆನ್ನಿನ ತುದಿಯಿಂದ ತೋರಿಸಿದರು. ಮೇಲಿನ ಮೂಳೆಯಿಂದ ಕೆಳಕ್ಕೂ ಸರಿದ ತುಂಡಿನಿಂದ ಮೇಲಕ್ಕೂ, ಮಗ್ಗಕ್ಕೆ ಹಾಸು ಕಟ್ಟಿದಂತೆ, ಸಣ್ಣ ಬಿಳಿ ಎಳೆಗಳು ನೀಳವಾಗಿ ಎದ್ದಿದ್ದವು. ನಡುವೆ ಒಂದು ತೆಳು ಕಪ್ಪು ಪಟ್ಟಿ. ಬೆಳವಣಿಗೆ ನಡೆಯುತ್ತಿರುವುದು ಅಲ್ಲೇ, ಎಳೆದ ದಿಕ್ಕಿಗೇ ಎಳೆಗಳು ನಿಲ್ಲುತ್ತವೆ ಎಂದರು. ತಮ್ಮ ಊರುಗೋಲು ಬದಿಗಿಟ್ಟು ಹತ್ತಿರ ಹೋಗಿ, ಬೆರಳಿನಿಂದ ಆ ಎಳೆಗಳ ಉದ್ದವನ್ನು ಅಳೆದ. "ಇದು ನನ್ನದೇ ಮೂಳೆಯಾ ಸರ್?" ಎಂದು ಕೇಳಿದ. "ನಿಮ್ಮದೇ. ನಾನು ಕತ್ತರಿಸಿದ್ದಷ್ಟೇ, ಬೆಳೆಸಿದವರು ನಿಮ್ಮ ಮನೆಯವರು" ಎಂದರು. ಕೀವಾದ ತಂತಿಯನ್ನು ಆವತ್ತೇ ಬದಲಿಸಿ, ಮಾತ್ರೆ ಕೊಟ್ಟರು. ಕಾಲು ತೆಗೆಯುವ ಮಾತನ್ನು ಅವನು ಎತ್ತಲಿಲ್ಲ. ಬರುವಾಗ ದಾರಿಯಲ್ಲಿ ಸಂಜೆ ಆರಾಯಿತು. ಕಾರು ನಿಲ್ಲಿಸಲು ಹೇಳಿ, "ಅಕ್ಕ, ಹೊತ್ತಾಯಿತು" ಎಂದು ಅವನೇ ಕಾಲು ಚಾಚಿದ.

ತುಂಡು ಹೋಗಿ ಕೆಳಗಿನ ಮೂಳೆಗೆ ತಾಗಿದ ಮೇಲೂ ಕೆಲಸ ಮುಗಿಯಲಿಲ್ಲ. ಸೇರುವ ಜಾಗದಲ್ಲಿ ನಡುವೆ ಮಾಂಸ ಸಿಕ್ಕಿಕೊಂಡು ತುದಿಗಳು ಒಣಗಿರುತ್ತವೆ. ಅದನ್ನು ಮತ್ತೆ ತೆರೆದು, ತುದಿಗಳನ್ನು ರಕ್ತ ಒಸರುವಂತೆ ಕೆರೆದು, ಸೊಂಟದ ಮೂಳೆಯ ಚೂರು ಹಾಕಿದರು. ಆಮೇಲೆ ಬರೀ ಕಾಯುವುದು. ಎರಡು ಕೋನಗಳಿಂದ ತೆಗೆದ ಎಕ್ಸ್‌ರೇಗಳಲ್ಲಿ ಹೊಸ ಮೂಳೆಯ ನಾಲ್ಕು ಗೋಡೆಗಳ ಪೈಕಿ ಮೂರಾದರೂ ಗಟ್ಟಿಯಾಗಿ ಕಾಣದೆ ರಿಂಗು ಬಿಚ್ಚುವಂತಿಲ್ಲ. ಬಿಚ್ಚುವ ಹೊತ್ತಿಗೆ ಅಪಘಾತವಾಗಿ ವರ್ಷ ಕಳೆದಿತ್ತು. ಮತ್ತೆ ಕೆಲವು ವಾರ ಪ್ಲಾಸ್ಟಿಕ್ ಕವಚ.

ಈಗ ಅವನು ಆಟೊ ಓಡಿಸುತ್ತಾನೆ. ಪಾದದ ಕೀಲು ಪೂರ್ತಿ ಬಾಗುವುದಿಲ್ಲ, ಕುಕ್ಕರುಗಾಲಲ್ಲಿ ಕೂರಲಾಗುವುದಿಲ್ಲ. ಮನೆಯ ಶೌಚಾಲಯಕ್ಕೆ ಕಮೋಡು ಹಾಕಿಸಿದ್ದೇವೆ. ಚಳಿಗಾಲದ ಬೆಳಿಗ್ಗೆ ನೋಯುತ್ತದೆ ಎನ್ನುತ್ತಾನೆ.

ನನಗೆ ಆ ವಾರ್ಡಿನಿಂದ ಈಗಲೂ ಕರೆ ಬರುತ್ತದೆ. ರಿಂಗು ಹಾಕಿದ ಕಾಲು ಯಾವ ಪ್ಯಾಂಟಿನೊಳಗೂ ತೂರುವುದಿಲ್ಲ, ಲುಂಗಿ ತಂತಿಗೆ ಸಿಕ್ಕುತ್ತದೆ. ತಮ್ಮನಿಗೆಂದು ನಾನು ಹೊಲಿದಿದ್ದ ಪೈಜಾಮವನ್ನು ನೋಡಿದ ಸಿಸ್ಟರ್ ಇತರರಿಗೂ ಹೇಳಿದರು. ಹೊಲಿಯಬಲ್ಲವರು ಯಾರ ಮನೆಯಲ್ಲಾದರೂ ಇರುತ್ತಾರೆ, ಆದ್ದರಿಂದ ಕ್ರಮ ಬರೆಯುತ್ತೇನೆ. ಮೆತ್ತನೆಯ ಹತ್ತಿ ಬಟ್ಟೆ ತೆಗೆದುಕೊಳ್ಳಿ. ರಿಂಗಿನ ಕಾಲಿನ ಹೊರಬದಿಯ ಹೊಲಿಗೆಯನ್ನು ಸೊಂಟದಿಂದ ಅಂಚಿನವರೆಗೆ ಪೂರ್ತಿ ಬಿಟ್ಟುಬಿಡಿ, ಗುಂಡಿ ಬೇಡ, ಲಾಡಿ ಕಟ್ಟುವಂತೆ ಮಾಡಿ. ಅತಿ ದೊಡ್ಡ ರಿಂಗಿನ ಸುತ್ತಳತೆಯನ್ನು ಹೊರಚಾಚಿದ ಬೋಲ್ಟುಗಳನ್ನೂ ಸೇರಿಸಿ ಅಳೆದು, ಅದಕ್ಕಿಂತ ಒಂದು ಗೇಣು ಹೆಚ್ಚು ಅಗಲ ಇಡಿ. ಒಳಗೆ ದಾರದ ಎಳೆ ಬಿಡಬೇಡಿ, ತಂತಿಗೆ ಸುತ್ತಿಕೊಳ್ಳುತ್ತದೆ. ಎರಡು ಜೊತೆ ಹೊಲಿದರೆ ಒಂದನ್ನು ಒಗೆದು ಬಿಸಿಲಿಗೆ ಹಾಕಿರುವಾಗ ಇನ್ನೊಂದು ಇರುತ್ತದೆ.